ಅಕ್ಕ ಮುಂದೆ, ನಾವು ಹಿಂದೆ

ಮೊನ್ನೆ ಮದುವೆಮನೆಯಲ್ಲಿ ನೀವೆಲ್ಲ, "ಅಜ್ಜಿ, ನೀ ಸೋಬಾನ ಹಾಡತಿದ್ದೆಂತ, ಒಂದ ಪದ ಹಾಡು" ಎಂದು ಗಂಟುಬಿದ್ದಿರಿ. ನಾನು ಎದ್ದು ಅಡುಗೆಮನೆಗೆ ಹೋದೆ. ನಿಮಗೆ ಬೇಸರವಾಗಿರಬೇಕು. ಎದುರಿಗೆ ಕುಳಿತು ಹೇಳುವುದು ನನ್ನಿಂದಾಗದು. ಊರ ಶಾಲೆಯಲ್ಲಿ ಕಲಿತಷ್ಟು ಅಕ್ಷರದಲ್ಲಿ ಬರೆಯುತ್ತೇನೆ.

ಬೈಲಹೊಂಗಲದ ಹತ್ತಿರದ ನಮ್ಮ ಊರಿನಲ್ಲಿ ಮದುವೆಗೆ ಹಾಡುವವರು ನಾವು ಐವರು ಹೆಂಗಸರು. ಮುಂದೆ ಹಾಡುವವಳು ಒಬ್ಬಳೇ, ನಮ್ಮ ಓಣಿಯ ಕೊನೆಯ ಮನೆಯವಳು. ನಾವು ಅವಳಿಗೆ ಅಕ್ಕ ಅನ್ನುತ್ತಿದ್ದೆವು. ಅವಳು ಒಂದು ಸಾಲು ಹಾಡಿದರೆ ನಾವು ನಾಲ್ವರು ಅದನ್ನೇ ಹಿಡಿದು ತಿರುಗಿ ಹಾಡುವುದು. ಮುಂದಿನ ಸಾಲು ಯಾವುದೆಂಬ ಚಿಂತೆ ನಮಗಿರಲಿಲ್ಲ, ಅದು ಅವಳ ಬಾಯಿಂದ ಬರುತ್ತಿತ್ತು. ನನ್ನಂಥ ನಾಚಿಕೆಯವಳಿಗೆ ಆ ಹಿಂದಿನ ಜಾಗವೇ ಹಿತವಾಗಿತ್ತು.

ಒಮ್ಮೆ ಸೀರೆ ಸರಿಯಿಲ್ಲವೆಂದು ಗಂಡಿನ ಕಡೆಯವರು ಊಟ ಬಿಟ್ಟು ಎದ್ದರು. ಅಕ್ಕ ಹಂದರದ ಕಂಬ ಹಿಡಿದು, ವರನ ಸೋದರಮಾವನ ಮೀಸೆಯ ಮೇಲೆ ಅಲ್ಲೇ ಪದ ಕಟ್ಟಿ ಹಾಡಿದಳು. ಮೊದಲು ನಕ್ಕವನು ಅವನೇ. ಎಲೆಗೆ ಮತ್ತೆ ಅನ್ನ ಬಿತ್ತು.

ತೊಂಬತ್ತರ ದಶಕದ ಕೊನೆಗೆ ಅಕ್ಕನ ಗಂಡ ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡ. ಬಳೆ ಒಡೆದ ಮೇಲೆ ಅವಳನ್ನು ಯಾರೂ ಹಾಡಲು ಕರೆಯಲಿಲ್ಲ. ಗಂಡ ಸತ್ತವಳು ಶುಭದ ಪದ ಹಾಡಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮುಂದಿನ ಮದುವೆಯಲ್ಲಿ ಅರಿಷಿಣ ಹಚ್ಚುವ ಹೊತ್ತಿಗೆ ನಾವು ನಾಲ್ವರೇ ಕುಳಿತೆವು.

"ಏ, ನೀ ಸುರು ಮಾಡಬೇ."

"ನಾ ಯಾಕ? ನೀ ಮಾಡು."

ಮದುಮಗಳ ಅಜ್ಜಿ ರೇಗಿದಳು: "ಬಾಯಾಗೇನು ಪುಠಾಣಿ ತುಂಬಕೊಂಡು ಕುಂತೀರೇನು?"

ಒಬ್ಬಳು ಧೈರ್ಯ ಮಾಡಿ ಎತ್ತಿದಳು. ಎರಡು ಸಾಲು ಬಂತು, ನಿಂತಿತು. ಇಷ್ಟು ವರ್ಷ ಹಾಡಿದವರಿಗೆ ಒಂದು ಪದವೂ ಪೂರ್ತಿ ಬರುವುದಿಲ್ಲವೆಂದು ನಮಗೆ ಗೊತ್ತಾದದ್ದು ಆ ಹಂದರದಲ್ಲಿ, ಅಷ್ಟು ಜನರ ಮುಂದೆ. ಹುಡುಗರು ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿದರು. ಊರಿನ ಅಷ್ಟೂ ಪದ ಗೊತ್ತಿದ್ದವಳು ಅದೇ ಓಣಿಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕುಳಿತಿದ್ದಳು.

ಕೆಲವು ವರ್ಷಗಳ ಮೇಲೆ ಬೈಲಹೊಂಗಲದ ಕಾಲೇಜಿನ ಹುಡುಗಿಯೊಬ್ಬಳು ಟೇಪ್‌ರೆಕಾರ್ಡರ್ ಹಿಡಿದು ನಮ್ಮ ಮನೆಗೆ ಬಂದಳು. ನಮ್ಮ ಮೇಳದ ಬಗ್ಗೆ ಅವಳು ಬರೆಯಬೇಕಿತ್ತಂತೆ. ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಅಕ್ಕನ ಸೊಸೆಗೆ ಆಗ ಏಳು ತಿಂಗಳು. ವಿಷಯ ಕೇಳುತ್ತಲೇ ಅವಳ ಮುಖ ಗಂಟಾಯಿತು.

"ಈ ಮನ್ಯಾಗ ಬ್ಯಾಡ್ರಿ ಅತ್ತಿ. ನಾ ಬಸುರಿ ಅದೇನಿ."

ಅಕ್ಕ ಜೋರಾಗಿ ನಕ್ಕಳು. "ನನ್ನ ಪದ ಕೇಳಿ ಸತ್ತವರು ಯಾರದಾರವ್ವಾ? ಆತು, ಮನ್ಯಾಗ ಬ್ಯಾಡ. ನಡೀರಿ, ಹೊಲಕ್ಕ ಹೋಗೂನು."

ಬೇವಿನ ಮರದ ಕೆಳಗೆ ಕುಳಿತು ಅವಳು ಹೊತ್ತು ಮುಳುಗುವ ತನಕ ಹಾಡಿದಳು. ನಾನು ಹಿಂದೆ ಹಿಡಿದೆ. ಅಕ್ಕನ ದನಿ ಸ್ವಲ್ಪ ಒಡೆದಿತ್ತು, ಆದರೆ ಒಂದು ಸಾಲೂ ತಪ್ಪಲಿಲ್ಲ.

"ನಿಮ್ಮ ಹಾಡಿಂದ ಊರಿಗೇನಾತ್ರಿ, ಅಮ್ಮಾ?" ಎಂದು ಹುಡುಗಿ ಕೇಳಿದಳು.

"ಏನಾಗತದ? ತವರು ಬಿಡೂ ಹುಡುಗಿ ಅಳಾಕ ಹತ್ತಿರತಾಳ. ನಾವು ಹಾಡಿದ್ರ ಆಕಿ ಒಬ್ಬಾಕಿನ ಅಳೂದು ತಪ್ಪತಿತ್ತು. ಎಲ್ಲಾರೂ ಕೂಡಿ ಅಳತಿದ್ವಿ."

ಇನ್ನೂ ಅರ್ಧ ಪದಗಳು ಉಳಿದವು. ಮತ್ತೆ ಬರುತ್ತೇನೆಂದು ಹುಡುಗಿ ಹೋದಳು.

ಆ ತಿಂಗಳು ಮುಗಿಯುವುದರೊಳಗೆ ಸೊಸೆಗೆ ಹೊಟ್ಟೆನೋವು ಬಂತು. ಕೂಸು ಸತ್ತೇ ಹುಟ್ಟಿತು. ಗಂಡು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತೆಂದು ಡಾಕ್ಟರು ಹೇಳಿದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೊಸೆಯ ತಾಯಿ ಅಂಗಳದಲ್ಲಿ ನಿಂತು ಕೂಗಿದಳು: "ಗಂಡನ್ನ ನುಂಗಿದಾಕಿ, ಸೋಬಾನ ಹಾಡಿ ಮೊಮ್ಮಗನ್ನೂ ನುಂಗಿದೆಲ್ಲಬೇ!" ಅಕ್ಕ ಒಳಗೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ನಾನು ಪಕ್ಕದಲ್ಲಿದ್ದೆ. ಅವಳು ತಿರುಗಿ ಏನಾದರೂ ಅನ್ನುತ್ತಾಳೆಂದು ನಾನು ಕಾದಿದ್ದೆ.

ಏನೂ ತಿಳಿಯದೆ ಹುಡುಗಿ ಉಳಿದ ಪದಗಳಿಗಾಗಿ ಬಂದಳು. ಅಕ್ಕ ಕೈ ಚಾಚಿದಳು.

"ಆ ಕ್ಯಾಸೆಟ್ ಕೊಡವಾ."

"ಇದೊಂದೇ ಐತ್ರಿ, ಅಮ್ಮಾ. ಇನ್ನೊಂದು ಮಾಡಿಸಿಲ್ಲರಿ."

"ಕೊಡು."

ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ತೆಗೆದು ಕೊಟ್ಟಳು. ಅಕ್ಕ ಅದನ್ನು ಒಲೆಗೆ ಹಾಕಿ ಊದುಗೊಳವೆಯಿಂದ ಊದಿದಳು. ಆ ಕಮಟು ವಾಸನೆ ಸಂಜೆಯ ತನಕ ಮನೆಯಲ್ಲಿತ್ತು. ಹುಡುಗಿ ಅಳುತ್ತ ಬಸ್ಸಿಗೆ ಹೋದಳು.

ಮಂದಿಯ ಬಾಯಿಗೆ ಹೆದರಿ ಸುಟ್ಟಳೆಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ನಿಮ್ಮಜ್ಜನೂ ಹೋದರು. ವರ್ಷದೊಳಗೆ ನಿಮ್ಮವ್ವನ ಲಗ್ನ. ವಧುವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನೂ ಅಕ್ಕನೂ ಉಗ್ರಾಣದ ಖೋಲಿಯಲ್ಲಿ ಅಕ್ಕಿಚೀಲಗಳ ನಡುವೆ ಕುಳಿತಿದ್ದೆವು. ಹೊರಗೆ ಸ್ಪೀಕರು ಕಿರುಚುತ್ತಿತ್ತು.

"ಅಕ್ಕಾ, ಒಂದು ಸಾಲು ಎತ್ತಿಕೊಡು. ಮೆಲ್ಲಕ. ಯಾರಿಗೂ ಕೇಳಂಗಿಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿನ್ನ ಮಗಳು ಬಾಳೂದು ಬ್ಯಾಡೇನು ನಿನಗ?"

"ಆವತ್ತು ಹೊಲಕ್ಕ ಹೋಗೂ ಮುಂದ ನೀನ ನಕ್ಕಿದ್ದೆಲ್ಲ?"

"ಆವಾಗ ನನಗ ತಿಳೀತಿದ್ದಿಲ್ಲ."

ಕೂಸನ್ನು ತಾನೇ ಕೊಂದೆನೆಂದು ಅವಳು ನಂಬಿದ್ದಾಳೆಂಬುದು ನನಗೆ ಅಂದು ಗೊತ್ತಾಯಿತು. ಮುಂದೆ ನಾನು ಕೇಳಲಿಲ್ಲ.

ಅಕ್ಕ ಈಗಿಲ್ಲ. ನೀವು ಹಾಡು ಎಂದರೆ ಮುಂದೆ ಹಾಡುವವರು ಬೇಕು. ನನ್ನಲ್ಲಿರುವುದು ಹಿಂದಿನದು ಮಾತ್ರ. ಅವಳ ಸೊಸೆ ಆ ಕೂಸಿನ ನಂತರ ಇಬ್ಬರನ್ನು ಹೆತ್ತಳು, ಇಬ್ಬರೂ ಗಟ್ಟಿಮುಟ್ಟಾದ ಮಕ್ಕಳು. ತೊಟ್ಟಿಲ ಹಗ್ಗ ಎಳೆಯುತ್ತ ಅಕ್ಕ ತಾಸುಗಟ್ಟಲೆ ಕುಳಿತಿರುತ್ತಿದ್ದಳು. ಕೂಸು ಎಷ್ಟೇ ಅತ್ತರೂ ಅವಳು ಬಾಯಿ ತೆರೆಯುತ್ತಿರಲಿಲ್ಲ. ಹಗ್ಗವನ್ನು ಜೋರಾಗಿ ಎಳೆಯುತ್ತಿದ್ದಳು, ಅಷ್ಟೆ.