ಹದಿನಾಲ್ಕನೇ ವಿಷಯ

ಮಿಕ್ಸಿ ರಿಪೇರಿ ಅಂಗಡಿಯವನು ರಸೀದಿ ಬರೆಯಲು ಪುಸ್ತಕದ ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟ. ಈ ಕಾಲದಲ್ಲೂ ಕಾರ್ಬನ್ ಇಟ್ಟು ಬರೆಯುವವರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅವನು ಹರಿದುಕೊಟ್ಟ ಮೇಲಿನ ಹಾಳೆ ತೆಗೆದುಕೊಂಡು ಸುಮ್ಮನೆ ಬರಬಹುದಿತ್ತು. ಬರಲಿಲ್ಲ. "ಕೆಳಗಿಂದೂ ತೋರ್ಸಪ್ಪಾ" ಎಂದೆ. ಮೇಲೊಂದು ಬರೆದು ಕೆಳಗೆ ಇನ್ನೊಂದು ಮೂಡಿಸುವ ಕೈಚಳಕವೇನಾದರೂ ಇದೆಯೋ ಎಂದು ನೋಡಬೇಕಿತ್ತು. ಅವನು ನಕ್ಕು ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ಬಗ್ಗಿದಾಗ ಆ ವಾಸನೆ ಮೂಗಿಗೆ ಬಡಿಯಿತು... ಮೇಣ, ಮಸಿ, ಸೀಮೆಎಣ್ಣೆ ಮೂರೂ ಕಲೆತಂಥ ವಾಸನೆ. ಎರಡೂ ಹಾಳೆಯಲ್ಲಿ ಬರೆದದ್ದು ಒಂದೇ ಆಗಿತ್ತು. ಆದರೂ ಅಂಗಡಿಯ ಸ್ಟೂಲಿನ ಮೇಲೆ ಕೂತು ಪುಸ್ತಕವನ್ನು ಇನ್ನೊಮ್ಮೆ ಮೂಗಿನ ಹತ್ತಿರ ಹಿಡಿದೆ.

ನಾನು ಹುಟ್ಟಾ ಅನುಮಾನದವಳು. ಮೊಮ್ಮಕ್ಕಳು ಸಿಐಡಿ ಅಜ್ಜಿ ಅನ್ನುತ್ತಾರೆ. ಹಾಲಿನವನ ಅಳತೆ, ಸೊಸೆ ಫೋನಿನಲ್ಲಿ ದನಿ ತಗ್ಗಿಸಿದ್ದು, ಡಾಕ್ಟರು ಕಾರಣ ಹೇಳದೆ ಮಾತ್ರೆ ಬದಲಾಯಿಸಿದ್ದು, ಎಲ್ಲದರ ಹಿಂದೆಯೂ ಏನೋ ಇದೆ ಅನ್ನಿಸುತ್ತದೆ. ಎಷ್ಟೋ ಸಲ ಇದ್ದೇ ಇರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಒಬ್ಬರ ಮೇಲೆ ನಾನು ಪಟ್ಟ ಅನುಮಾನದ ಕಥೆಯನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಯಾಪೈಸೆ ಬಂದ ಹೊಸತು, ಐವತ್ತೇಳು ಐವತ್ತೆಂಟನೇ ಇಸವಿ. ನಾನಾಗ ಪುರಸಭೆಯ ಕಚೇರಿಯಲ್ಲಿ ಹಂಗಾಮಿ ನಕಲು ಗುಮಾಸ್ತೆ. ದಾವಣಗೆರೆಯ ಪುರಸಭೆಯೋ ಹರಿಹರದ್ದೋ ಎಂದು ಕೇಳಬೇಡಿ, ಹೇಳುವುದಿಲ್ಲ. ಆಗಿನ ಮೇಂಬರುಗಳ ಮಕ್ಕಳು ಮೊಮ್ಮಕ್ಕಳು ಎರಡೂ ಊರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ, ನನಗೆ ಈ ವಯಸ್ಸಿನಲ್ಲಿ ಜಗಳ ಬೇಡ. ಹತ್ತಿ ಗಿರಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡ ಅಪ್ಪ ಮನೆ ಹಿಡಿದು ಕೂತಿದ್ದರು. ನನ್ನ ಕೆಳಗೆ ಇಬ್ಬರು ತಂಗಿಯರು. ಸೋದರಮಾವ ಮಲೆಬೆನ್ನೂರಿನಲ್ಲಿ ನನಗೊಂದು ಸಂಬಂಧ ನೋಡಿಟ್ಟಿದ್ದ. ಅಕ್ಕಿ ಗಿರಣಿಯವರು, ಮೊದಲ ಹೆಂಡತಿ ತೀರಿಕೊಂಡಿದ್ದರು, ನನಗಿಂತ ಹದಿನೆಂಟು ವರ್ಷ ದೊಡ್ಡವರು. "ಅಕಿ ಕೆಲ್ಸ ಇರೋ ತನ ಸುಮ್ಕಿರು. ಕೆಲ್ಸ ಹೋದ ದಿನ ಮಾತಾಡಾಣ" ಎಂದು ಅವ್ವ ಅವನ ಬಾಯಿ ಮುಚ್ಚಿಸಿದ್ದಳು. ಕೆಲಸವಿದ್ದರೆ ಮದುವೆಯ ಮಾತಿಲ್ಲ, ಹೋಯಿತೋ ಮಲೆಬೆನ್ನೂರಿನ ಬಸ್ಸು ಹತ್ತಬೇಕು. ನನ್ನ ಲೆಕ್ಕ ಅಷ್ಟೇ ಇತ್ತು.

ತಿಂಗಳಿಗೊಂದು ಸಾಮಾನ್ಯ ಸಭೆ. ಅದಕ್ಕೆ ಮೂರು ದಿನ ಮುಂಚೆ ವಿಷಯಪಟ್ಟಿ ಮೇಂಬರುಗಳ ಮನೆ ಮುಟ್ಟಬೇಕು. ಹೆಡ್ ಗುಮಾಸ್ತರು ಅದನ್ನು ಬರೆದು ಕೊಡುತ್ತಿದ್ದರು, ನಾನು ಹಾಳೆಗಳ ನಡುವೆ ನಾಲ್ಕು ಕಾರ್ಬನ್ ಇಟ್ಟು ಒತ್ತಿ ಒತ್ತಿ ಐದೈದು ಪ್ರತಿ ಮಾಡುತ್ತಿದ್ದೆ. ಕೊನೆಯ ಪ್ರತಿ ಮಸುಕಾಗಿ ಬರುತ್ತಿತ್ತು, ಅದು ಓದಲು ಬಾರದ ಮೇಂಬರಿಗೆ ಹೋಗುತ್ತಿತ್ತು. ಹಿಂದಿನ ಸಭೆಯ ನಡವಳಿ ಓದಿ ಒಪ್ಪುವುದು, ದನದ ದೊಡ್ಡಿಯ ಹರಾಜು, ಸಂತೆ ಮೈದಾನದ ಗುತ್ತಿಗೆ, ದೀಪದ ಕಂಬ, ಬೀದಿನಾಯಿ, ಚರಂಡಿಗೆ ಸುಣ್ಣ... ಬೀದಿ ನಲ್ಲಿಯ ಮೂತಿ ಯಾರ ಮನೆಯ ಕಡೆ ತಿರುಗಿರಬೇಕೆಂದು ಒಂದೂವರೆ ಗಂಟೆ ಕಿತ್ತಾಡಿ, ಕೊನೆಗೆ ಯಾರ ಕಡೆಗೂ ಬೇಡವೆಂದು ಗೋಡೆಯ ಕಡೆ ತಿರುಗಿಸಿದ್ದೂ ಉಂಟು.

ಮೂರು ತಿಂಗಳಿಗೊಮ್ಮೆ ಆ ಪಟ್ಟಿಯಲ್ಲಿ ನನ್ನದೂ ಒಂದು ಸಾಲು ಇರುತ್ತಿತ್ತು: 'ಹಂಗಾಮಿ ನಕಲು ಗುಮಾಸ್ತೆಯ ಅವಧಿಯನ್ನು ಮುಂದುವರಿಸುವ ಬಗ್ಗೆ.' ನನ್ನ ಹಣೆಬರಹವನ್ನು ನಾನೇ ಕಾರ್ಬನ್ ಇಟ್ಟು ಬರೆಯುತ್ತಿದ್ದೆ. ಅದು ಯಾವಾಗಲೂ ಕೊನೆಯ ಸಾಲು. ಹತ್ತು ವಿಷಯಗಳಿದ್ದರೆ ಹತ್ತನೆಯದು, ಹನ್ನೆರಡಿದ್ದರೆ ಹನ್ನೆರಡನೆಯದು. ಬೀದಿನಾಯಿಗಳ ನಂತರ ನಾನು.

ಹೆಡ್ ಗುಮಾಸ್ತರು ಸಣಕಲು ಮನುಷ್ಯರು. ಬೇಸಿಗೆಯಲ್ಲೂ ಕತ್ತಿನ ತನಕ ಗುಂಡಿ ಹಾಕಿದ ಕೋಟು, ತಲೆಗೆ ಕರಿ ಟೋಪಿ. ಏನಾದರೂ ಕೇಳಿದರೆ ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಅಷ್ಟರಲ್ಲಿ ನಾವು ಹೊರಟುಹೋಗಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೆ ನೋಡುತ್ತಿದ್ದರು. ಮಾತು ಕಡಿಮೆ ಇರುವವರನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆಗಂತೂ ಅವರ ಒಂದೊಂದು ನಡೆಯನ್ನೂ ಕಣ್ಣಿಟ್ಟು ಕಾಯುತ್ತಿದ್ದೆ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವರ ಡ್ರಾಯರು. ಎಲ್ಲರ ಫೈಲುಗಳೂ ಬೀರುವಿನಲ್ಲಿದ್ದರೆ ನನ್ನದೊಂದು ಮಾತ್ರ ಅವರ ಮೇಜಿನ ಡ್ರಾಯರಿನೊಳಗೆ, ಬೀಗ ಹಾಕಿ ಇಟ್ಟಿರುತ್ತಿತ್ತು. ಆಮೇಲೆ ಮಂಡಕ್ಕಿ. ಸಭೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸುವುದು ಪದ್ಧತಿ. ಅದು ಯಾವಾಗ ಒಳಗೆ ಹೋಗಬೇಕೆಂಬುದು ಹೆಡ್ ಗುಮಾಸ್ತರ ಕೈಯಲ್ಲಿತ್ತು. ನನ್ನ ಸಾಲಿಗಿಂತ ಹಿಂದಿನ ವಿಷಯ ಮುಗಿಯುತ್ತಿದ್ದಂತೆ ಅವರು ಬಾಗಿಲ ಕಡೆ ತಿರುಗಿ ತಲೆ ಆಡಿಸುತ್ತಿದ್ದರು, ಜವಾನ ತಟ್ಟೆ ಹಿಡಿದು ಒಳಗೆ ನುಗ್ಗುತ್ತಿದ್ದ. ಬಜ್ಜಿಯ ವಾಸನೆ ಬಂದ ಮೇಲೆ ಗುಮಾಸ್ತೆಯ ಅವಧಿ ಯಾರಿಗೆ ಬೇಕು? ವರಾಂಡದಲ್ಲಿದ್ದ ನನ್ನ ಮೇಜಿಗೆ ಕೇಳಿಸುತ್ತಿದ್ದದ್ದು ಕುರ್ಚಿ ಎಳೆಯುವ ಸದ್ದು ಮತ್ತು "ಆತು ಆತು, ಮುಂದುವರ್ಸ್ರಿ" ಎಂಬ ಗದ್ದಲ ಮಾತ್ರ. ಒಂದು ಸಲ ಅದೂ ಆಗಲಿಲ್ಲ. ಅರ್ಧ ಜನ ಎದ್ದುಹೋಗಿ, ಕೋರಂ ಸಾಲದೆ, ನನ್ನ ವಿಷಯ ಮುಂದಿನ ತಿಂಗಳಿಗೆ ಹೋಯಿತು. ಆ ಇಡೀ ತಿಂಗಳು ಸೋದರಮಾವ ನಮ್ಮ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ.

ಇದರ ಮೇಲೆ ಹೆಡ್ ಗುಮಾಸ್ತರ ಅಕ್ಕನ ಮಗ. ಆನಗೋಡಿನಿಂದ ವಾರಕ್ಕೊಮ್ಮೆ ಬಂದು ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾದವನು, ಕೆಲಸವಿಲ್ಲದವನು. ನನ್ನ ಕಡೆಗೂ ನನ್ನ ಮೇಜಿನ ಕಡೆಗೂ ನೋಡುತ್ತಿದ್ದ. ನನಗೆ ಎಲ್ಲ ಅರ್ಥವಾಗಿಹೋಯಿತು. ಒಂದಲ್ಲ ಒಂದು ಸಲ ಕೋರಂ ತಪ್ಪಿಸಿ ನನ್ನನ್ನು ಉದುರಿಸಿ, ಇವನನ್ನು ತಂದು ಕೂರಿಸುವ ಹುನ್ನಾರ.

ಒಂದು ದಿನ ಧೈರ್ಯ ಮಾಡಿ ಅವರನ್ನೇ ಕೇಳಿದೆ. "ಸಾರ್, ನಂದು ಯಾಕ ಯಾವಾಗ್ಲೂ ಕೊನೇಗೆ?"

ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಅತ್ತ ಇತ್ತ ನೋಡಿದರು. "ಇರ್ಲಿ ಬಿಡು ತಂಗಿ. ಅದು ಅಲ್ಲೇ ಇದ್ರೆ ಚೊಲೋ" ಎಂದು ಕಾಗದಗಳ ಮೇಲೆ ಬಗ್ಗಿಬಿಟ್ಟರು.

ಯಾರಿಗೆ ಚೊಲೋ ಎಂದು ಹೇಳಲಿಲ್ಲ. ಅಕ್ಕನ ಮಗನಿಗೆ ಎಂದು ನಾನೇ ತುಂಬಿಕೊಂಡೆ.

ಮುಂದಿನ ಸಲ ಪಟ್ಟಿಯಲ್ಲಿ ಹದಿನಾಲ್ಕು ವಿಷಯಗಳಿದ್ದವು, ನನ್ನದು ಹದಿನಾಲ್ಕನೆಯದು. ಪಟ್ಟಿ ಬರೆದು ಮುಗಿಸಿದೆ. ಮರುದಿನ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ನಮ್ಮ ವಾರ್ಡಿನ ಮೇಂಬರ ಮನೆಗೆ ಹೋದೆ. ದೊಡ್ಡ ಗಂಟಲಿನ, ಒಳ್ಳೆಯ ಮನಸ್ಸಿನ ಹತ್ತಿ ವ್ಯಾಪಾರಿ. ಕೊನೆಯ ಸಾಲು, ಬಜ್ಜಿ ತಟ್ಟೆ, ಅಕ್ಕನ ಮಗ, ಬೀಗ ಹಾಕಿದ ಡ್ರಾಯರು, ಒಂದನ್ನೂ ಬಿಡದೆ ಹೇಳಿದೆ.

"ಅಂಥಾ ಆಟ ಆಡ್ತಾನೇನು ಆ ಮುದುಕ?" ಎಂದು ಅವರು ತೊಡೆ ತಟ್ಟಿಕೊಂಡರು. "ನೀ ಮನಿಗ್ ಹೋಗವ್ವಾ. ನಾ ನೋಡ್ಕಂತೀನಿ."

ನೋಡಿಕೊಂಡರು. ಸಭೆ ಶುರುವಾಗಿ ಹಿಂದಿನ ನಡವಳಿ ಓದುತ್ತಿದ್ದಂತೆಯೇ ಎದ್ದು ನಿಂತರು. ಅವರ ಗಂಟಲು ವರಾಂಡಕ್ಕಷ್ಟೇ ಅಲ್ಲ, ರಸ್ತೆಗೂ ಕೇಳುತ್ತಿತ್ತು. "ಅಧ್ಯಕ್ಷರೇ, ಹದಿನಾಕನೇ ವಿಷ್ಯ ಮೊದ್ಲು ತಗಳ್ರಿ. ಆ ಹುಡುಗಿ ನಮ್ಮನಿಗೆ ಬಂದು ಅತ್ತಾಳ. ಬಡವ್ರ ಮಕ್ಳು ಅಂದ್ರೆ ಬಾಲಕ್ಕೆ ಕಟ್ತಾರೆ ಇವ್ರು!"

ನಾನು ಅತ್ತಿರಲಿಲ್ಲ. ಆದರೂ ಖುಷಿಯಾಯಿತು. ಬಾಗಿಲ ಸಂದಿಯಲ್ಲಿ ಹೋಗಿ ನಿಂತೆ. ಹೆಡ್ ಗುಮಾಸ್ತರ ಮುಖ ಬಿಳಿಚಿಕೊಂಡಿತ್ತು. ಸಿಕ್ಕಿಬಿದ್ದ ಎಂದುಕೊಂಡೆ... ದೇವರೇ, ಏಕವಚನದಲ್ಲೇ ಅಂದುಕೊಂಡೆ.

ಸಭೆಗೆ ಇನ್ನೂ ಹಸಿವಾಗದ ಹೊತ್ತು. ಎಲ್ಲರಿಗೂ ಮಾತಾಡಲು ಉಮೇದು. ಕಾಯ್ದೆ ಪುಸ್ತಕವಿಲ್ಲದೆ ಮನೆಯಿಂದ ಹೊರಬೀಳದ ವಕೀಲ ಮೇಂಬರೊಬ್ಬರಿದ್ದರು. ಅವರು ನಿಧಾನವಾಗಿ ಕೇಳಿದರು. "ಹಂಗಾಮಿ ಅಂದ್ರೆ ಎಷ್ಟ್ ದಿನ ರೀ? ಎಲ್ಡು ವರ್ಷ ಆತು. ಇದ್ಕೆ ಮ್ಯಾಲಿನ ಮಂಜೂರಾತಿ ಎಲ್ಲೈತೆ? ಫೈಲ್ ತರ್ಸ್ರಿ."

ಮುಂದಿನ ಸಭೆಗೆ ಇಡುತ್ತೇನೆ ಎಂದರು ಹೆಡ್ ಗುಮಾಸ್ತರು.

"ಮುಂದಿನ ಸಭೆಗೆ ಯಾಕ?" ನಮ್ಮ ಮೇಂಬರು ಗುಡುಗಿದರು. "ನಿಮ್ ಡ್ರಾಯರ್‌ನಾಗೇ ಬೀಗ ಹಾಕಿ ಇಟ್ಕಂಡೀರಂತಲ್ಲ. ತರ್ರಿ ಈಗ್ಲೇ!"

ಆಗ ಹೆಡ್ ಗುಮಾಸ್ತರು ತಲೆಯೆತ್ತಿ ಬಾಗಿಲ ಕಡೆ ನೋಡಿದರು. ನಾನು ಅಲ್ಲೇ ನಿಂತಿದ್ದೆ. ಡ್ರಾಯರಿನ ಸುದ್ದಿ ಗೊತ್ತಿದ್ದದ್ದು ಕಚೇರಿಯಲ್ಲಿ ನನಗೊಬ್ಬಳಿಗೇ.

ಫೈಲು ಬಂತು. ವಕೀಲರು ಹಾಳೆ ತಿರುವಿ ಒಂದು ಕಾಗದವನ್ನು ಗಟ್ಟಿಯಾಗಿ ಓದಿದರು. ಮೇಲಿನ ಕಚೇರಿಯಿಂದ ಬಂದದ್ದು. ಈ ಹುದ್ದೆ ಅನವಶ್ಯಕ, ಕೂಡಲೇ ರದ್ದುಪಡಿಸಿ ವರದಿ ಮಾಡತಕ್ಕದ್ದು. ಕಾಗದ ಬಂದು ಹನ್ನೊಂದು ತಿಂಗಳಾಗಿತ್ತು. ಹನ್ನೊಂದು ತಿಂಗಳಿಂದ ಅವರು ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಯಾರೂ ಫೈಲು ಕೇಳದ ಹೊತ್ತಿಗೆ ನನ್ನ ಸಾಲು ಬರುವ ಹಾಗೆ ಕೊನೆಗೆ ತಳ್ಳಿ, ಬಜ್ಜಿಯ ತಟ್ಟೆಯನ್ನು ಸರಿಯಾದ ಸಮಯಕ್ಕೆ ಒಳಗೆ ಕಳಿಸಿ, ನನ್ನನ್ನು ದಾಟಿಸಿಕೊಂಡು ಬಂದಿದ್ದರು. ಅದಕ್ಕೂ ಮುಂಚೆ ಮಂಜೂರಾತಿ ಕೇಳಿ ಎರಡು ಸಲ ಮೇಲಕ್ಕೆ ಬರೆದ ನಕಲುಗಳೂ ಅದೇ ಫೈಲಿನಲ್ಲಿದ್ದವು.

"ಯಾಕ್ರೀ ಇದನ್ನ ಸಭೆಗೆ ಇಡ್ಲಿಲ್ಲ?" ಎಂದರು ಅಧ್ಯಕ್ಷರು.

"ನನ್ನಿಂದ ತಪ್ಪಾಗೈತೆ ಸ್ವಾಮಿ" ಎಂದರು ಅವರು. ನಮ್ಮ ಮೇಂಬರು ಕೂಡ ಕೂತುಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ನನ್ನ ಕೊನೆಯ ಕೆಲಸ ಕಾಯುತ್ತಿತ್ತು. ಸಭೆಯ ನಡವಳಿಯನ್ನು ಎಂದಿನಂತೆ ಹೆಡ್ ಗುಮಾಸ್ತರೇ ಬರೆದಿದ್ದರು. ಅದನ್ನು ನಾನು ಐದು ಪ್ರತಿ ಮಾಡಬೇಕಿತ್ತು. 'ಹುದ್ದೆಯನ್ನು ಕೂಡಲೇ ರದ್ದುಪಡಿಸತಕ್ಕದ್ದು.' ಅದರ ಕೆಳಗೆ ಅವರ ಬಗ್ಗೆ: 'ಕಾಗದವನ್ನು ಸಭೆಯ ಮುಂದಿಡದೆ ಕರ್ತವ್ಯಲೋಪ ಎಸಗಿರುವ ಹೆಡ್ ಗುಮಾಸ್ತರನ್ನು ಸದರಿ ಸ್ಥಾನದಿಂದ ತೆಗೆದು ಸುಂಕದ ಕಟ್ಟೆಗೆ ಹಾಕತಕ್ಕದ್ದು.' ತಮ್ಮ ಮೇಲಿನ ತಪ್ಪನ್ನು ಅವರು ಒಂದಕ್ಷರ ಮೆತ್ತಗೆ ಮಾಡದೆ ಬರೆದಿದ್ದರು.

ನಾನು ಹುಡುಕುತ್ತಿದ್ದದ್ದು ಬೇರೆ ಸಾಲು. ನೌಕರರು ಮೇಂಬರುಗಳ ಮನೆಗೆ ಹೋಗಿ ವಶೀಲಿ ಮಾಡಿಸುವುದು ಆಗ ದೊಡ್ಡ ತಪ್ಪು. ನಡವಳಿಯಲ್ಲಿ ಅದು ದಾಖಲಾದರೆ ಮುಂದೆ ಯಾವ ಕಚೇರಿಯೂ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ತುಂಬಿದ ಸಭೆಯಲ್ಲಿ ಆಡಿದ ಮಾತು, ಅವರು ಬರೆದೇ ಇರುತ್ತಾರೆ, ಬಿಡುತ್ತಾರೆಯೇ ಎಂದು ಎರಡು ಸಲ ಓದಿದೆ. ಇರಲಿಲ್ಲ. 'ಸದಸ್ಯರೊಬ್ಬರು ವಿಷಯ ೧೪ನ್ನು ಮೊದಲು ಕೈಗೊಳ್ಳಲು ಸೂಚಿಸಿದರು' ಎಂದಷ್ಟೇ ಇತ್ತು. ನಾನು ಹೋದ ಮಾತಿಲ್ಲ, ಅತ್ತ ಮಾತಿಲ್ಲ, ಡ್ರಾಯರಿನ ಮಾತೂ ಇಲ್ಲ.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಅವರ ಮೇಜಿನ ಮುಂದೆ ಹೋಗಿ ನಿಂತೆ. ಅವರು ಈ ಸಲ ಕನ್ನಡಕ ಒರೆಸಲಿಲ್ಲ. "ಬರಿ ತಂಗಿ. ಮಧ್ಯಾಹ್ನದೊಳಗೆ ಕಳಿಸ್ಬೇಕು" ಎಂದರು. ಹೋಗಿ ಬರೆದೆ. ಕೈ ಎಷ್ಟು ಒತ್ತಿತ್ತೋ ಏನೋ, ಅವತ್ತು ಐದನೆಯ ಪ್ರತಿಯೂ ಸ್ಪಷ್ಟವಾಗಿ ಬಂತು.

ನನ್ನ ಜಾಗಕ್ಕೆ ಯಾರೂ ಬರಲಿಲ್ಲ, ಮೇಜನ್ನೇ ಎತ್ತಿ ಉಗ್ರಾಣಕ್ಕೆ ಹಾಕಿದರು. ಅಕ್ಕನ ಮಗ ವಾರವಾರ ಬರುತ್ತಿದ್ದದ್ದು ತಾಯಿಯ ಕಣ್ಣಿನ ಔಷಧಿಗೆ ಎಂದು ಜವಾನ ಆಮೇಲೆ ಹೇಳಿದ. ನನಗೆ ಎರಡೇ ತಿಂಗಳಲ್ಲಿ ಮದುವೆಯಾಯಿತು. ಗಂಡ ಕೆಟ್ಟವರಲ್ಲ. ದಿನಾ ರಾತ್ರಿ ಜೇಬು ತಡಕುತ್ತಿದ್ದವಳು ನಾನೇ, ಅವರು ಸುಮ್ಮನೆ ನಗುತ್ತಿದ್ದರು. ಆದರೂ ಆ ಮದುವೆಗೆ ನಾನಾಗಿಯೇ ದಾರಿ ಮಾಡಿಕೊಟ್ಟೆನಲ್ಲ ಎಂಬ ಸಂಕಟ ಎಷ್ಟೋ ವರ್ಷ ಇತ್ತು.

ತವರಿಗೆ ಬರುವಾಗ ಊರಿನ ಹೊರಗೆ ಸುಂಕದ ಕಟ್ಟೆಯಲ್ಲಿ ಬಸ್ಸು ನಿಲ್ಲುತ್ತಿತ್ತು. ಊರೊಳಗೆ ಬರುವ ಸರಕಿಗೆ ಪುರಸಭೆಯ ಸುಂಕ ಹಾಕಲು ಟಾಪಿನ ಮೇಲಿನ ಮೂಟೆಗಳನ್ನು ನೋಡಬೇಕಲ್ಲ. ಮದುವೆಯಾದ ವರ್ಷ, ತಗಡಿನ ಗೂಡಿನಿಂದ ಅದೇ ಕೋಟು ಹಾಕಿಕೊಂಡು ಅವರು ಪುಸ್ತಕ ಹಿಡಿದು ಹೊರಗೆ ಬಂದರು. ಬಿಸಿಲಿಗೆ ಮುಖ ಕರ್ರಗಾಗಿತ್ತು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಮುಂದಿನ ಸಲ ಇಳಿದು ಮಾತಾಡಿಸಬೇಕು ಎಂದುಕೊಂಡೆ. ಮುಂದಿನ ಸಲವೂ ಸೆರಗು ಎಳೆದುಕೊಂಡೆ. ಹೊರಗೆ ಚಪ್ಪಲಿಯ ಸದ್ದು, ಮೂಟೆ ಎಣಿಸುವ ದನಿ, ಪುಸ್ತಕ ಮುಚ್ಚಿದ ಸದ್ದು... ಬಸ್ಸು ಹೊರಟ ಮೇಲೆ ಸೆರಗು ಸರಿಸುತ್ತಿದ್ದೆ. ಹೀಗೇ ಆರು ವರ್ಷ.

ಕೊನೆಗೊಮ್ಮೆ, ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿದೇಬಿಟ್ಟೆ. ಗೂಡಿನಲ್ಲಿ ಬೇರೆ ಯಾರೋ ಇದ್ದರು. ಹೆಡ್ ಗುಮಾಸ್ತರು ರಜದ ಮೇಲಿದ್ದಾರೆಯೇ ಎಂದು ಕೇಳಿದೆ.

"ಅವ್ರಾ? ಅವ್ರು ತೀರ್ಕಂಡು ಎಲ್ಡು ವರ್ಷ ಆತಲ್ಲವ್ವಾ. ಆವಾಗಿಂದ ನಾನೇ ಅದೀನಿ."

ಎರಡು ವರ್ಷದಿಂದ ನಾನು ಯಾರೋ ಗುರುತಿಲ್ಲದವನಿಗೆ ಮುಖ ಮುಚ್ಚಿಕೊಂಡು ಕೂತಿದ್ದೆ.

ಈಗ ಆ ಕಟ್ಟೆಯೂ ಇಲ್ಲ, ಸುಂಕವೂ ಇಲ್ಲ, ಆ ಜಾಗದಲ್ಲಿ ಟೈಲ್ಸ್ ಅಂಗಡಿ ಬಂದಿದೆ. ರಿಪೇರಿ ಅಂಗಡಿಯಿಂದ ಮಿಕ್ಸಿ ಹಿಡಿದುಕೊಂಡು ಬಂದ ದಿನದಿಂದ ಮತ್ತೆ ಅದೇ ಯೋಚನೆ. ನನ್ನನ್ನು ಕಾಪಾಡಿದ್ದರಿಂದ ಹೆಡ್ ಗುಮಾಸ್ತರಿಗೇನು ಸಿಗುತ್ತಿತ್ತು? ನೆಂಟಸ್ತಿಕೆ ಇಲ್ಲ, ಜಾತಿ ಬೇರೆ, ನಮ್ಮ ಮನೆಯಿಂದ ಒಂದು ಲೋಟ ಮಜ್ಜಿಗೆ ಕುಡಿದವರಲ್ಲ. ನನ್ನಂಥವಳ ಬುದ್ಧಿಗೆ ಏನಾದರೂ ಒಂದು ಕಾರಣ ಸಿಗಲೇಬೇಕಿತ್ತು, ಇಷ್ಟು ವರ್ಷ ಹುಡುಕಿದರೂ ಸಿಕ್ಕಿಲ್ಲ. ಹೇಳಬಹುದಾಗಿದ್ದವರು ಅವರೊಬ್ಬರೇ. ಅವರು ಕಿಟಕಿಯ ಹೊರಗೆ ಮೂಟೆ ಎಣಿಸುತ್ತಾ ನಿಂತಿದ್ದಾಗ ನಾನು ಸೆರಗು ಎಳೆದುಕೊಂಡು ಕೂತಿದ್ದೆ.