ಮೇಸ್ತ್ರಿಯ ಕಿವಿ

ಮುಚ್ಚಿಹೋದ ಹಿಟ್ಟಿನ ಗಿರಣಿಗೂ ಪಕ್ಕದ ಮನೆಯ ಗೋಡೆಗೂ ನಡುವಿನ ಸಂದಿಯೇ ದೋಣಿ ಮೇಸ್ತ್ರಿಯ ಕಾರ್ಖಾನೆ. ಮೇಲೆ ಹೊದಿಸಿದ್ದು ಹಳೆಯ ಜಾಹೀರಾತಿನ ತಗಡುಗಳು. ಅದರಲ್ಲಿ ಹಲ್ಲುಪುಡಿಯ ಹೆಂಗಸೊಬ್ಬಳು ತಲೆಕೆಳಗಾಗಿ ನಗುತ್ತಿದ್ದಳು. ದೋಣಿ ಸಂದಿಗಿಂತ ಉದ್ದ. ಬೀದಿಗೆ ಚಾಚಿದ ಅದರ ಮೂತಿಯ ಮೇಲೆ ಅಕ್ಕಪಕ್ಕದವರು ಒದ್ದೆ ಟವೆಲು ಒಣಹಾಕಿ ಬೈಸಿಕೊಳ್ಳುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಅಲ್ಲಿಂದ ಹೊರಟ ಒಂದು ದೋಣಿಯೂ ನೀರು ಕುಡಿದಿರಲಿಲ್ಲ. ಆ ಹೆಸರೊಂದೇ ಅವನ ಆಸ್ತಿ.

ಹಲಗೆಗಳ ನಡುವಿನ ಸೀಳಿಗೆ ಎಣ್ಣೆ ಹಚ್ಚಿದ ಹತ್ತಿ ನೂಲನ್ನು ಮೊಂಡು ಉಳಿಯಿಟ್ಟು ಮರದ ಕೊಡತಿಯಿಂದ ಬಡಿದು ತುಂಬಬೇಕು. ಸಡಿಲವಿದ್ದಾಗ ಏಟು ಬದಬದ ಎನ್ನುತ್ತದೆ, ನೂಲು ಕಚ್ಚಿಕೊಂಡ ಕ್ಷಣ ಟಣ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಹೆಚ್ಚು ಬಡಿದರೆ ಹಲಗೆ ಬಾಯಿ ಬಿಡುತ್ತದೆ. ಇದು ಕಣ್ಣಿನ ಕೆಲಸವಲ್ಲ, ಕಿವಿಯದು. ಮೇಸ್ತ್ರಿಯ ಕಿವಿಯನ್ನೋ ಅದೇ ಏಟುಗಳು ತಿಂದುಹಾಕಿದ್ದವು. ಗಟ್ಟಿಯಾಗಿ ಮಾತಾಡಿದರೆ ಕೇಳುತ್ತಿತ್ತು, ನೂಲಿನ ಸದ್ದು ಮಾತ್ರ ಕೇಳದಾಗಿ ಒಂಬತ್ತು ವರ್ಷವಾಗಿತ್ತು.

ಇದು ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೆ. ಅವಳು ಬಟ್ಟೆ ಹೊಲಿಯುವ ನೆಪದಲ್ಲಿ ದೋಣಿಯೊಳಗೆ ಕೂತು, ಸದ್ದು ಬದಲಾದ ಕೂಡಲೇ ಕೈ ಎತ್ತುತ್ತಿದ್ದಳು. ಮೇಸ್ತ್ರಿಗೆ ಹೆಂಡತಿಯನ್ನು ಅರೆಗಳಿಗೆ ಬಿಟ್ಟಿರಲಾಗದು ಎಂದು ಬೀದಿಯವರು ರೇಗಿಸುತ್ತಿದ್ದರು. ಅವನು ಹಲ್ಲು ಕಿರಿಯುತ್ತಿದ್ದ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಹೆಂಡತಿಯ ಗುಲಾಮ ಅನ್ನಿಸಿಕೊಳ್ಳುವುದು ವಾಸಿ. ಸುಳ್ಳು ಸುಳ್ಳೇ, ಆದರೆ ಅದರಿಂದ ಯಾರೂ ಮುಳುಗಲಿಲ್ಲ.

ಈಗಿನ ದೋಣಿ ಮೀನು ಹಿಡಿದು ಬದುಕುವ ಅವನ ತಮ್ಮನದು. ಎಡಮಗ್ಗುಲು ಮುಗಿದ ವಾರವೇ ಹೆಂಡತಿ ಜ್ವರ ಬಂದು ಮಲಗಿದವಳು ಏಳಲಿಲ್ಲ. ಅವಳು ತೀರಿ ತಿಂಗಳು ಕಳೆದ ಮೇಲೆ ಮೇಸ್ತ್ರಿ ಬಲಮಗ್ಗುಲನ್ನು ಒಬ್ಬನೇ ಬಡಿದ. ಕೈಯಂದಾಜು ಸಾಕು ಎಂದು ತನಗೆ ತಾನೇ ಹೇಳಿಕೊಂಡ.

ನೀರಿಗಿಳಿಸುವ ಮೊದಲು ದೋಣಿಯೊಳಗೆ ನೀರು ತುಂಬಿ ನೋಡುವುದು ವಾಡಿಕೆ. ಅಣ್ಣತಮ್ಮ ಕೊಡಗಟ್ಟಲೆ ಸುರಿದರು. ಎಡಗಡೆ ಒಂದು ಹನಿ ಇಲ್ಲ. ಬಲಗಡೆ ಆರು ಕಡೆ ಜಿನುಗಿತು, ಒಂದು ಕಡೆ ಧಾರೆಯೇ ಆಯಿತು. ಹೊಸ ಮರ ತಾನೇ, ನೆನೆದರೆ ಉಬ್ಬಿ ಕೂಡಿಕೊಳ್ಳುತ್ತದೆ ಎಂದು ತಮ್ಮನೇ ದಾರಿ ತೋರಿಸಿದ. ಹೌದು ಎಂದುಬಿಟ್ಟಿದ್ದರೆ ಮೂವತ್ತು ವರ್ಷದ ಮಾನ ಉಳಿಯುತ್ತಿತ್ತು. ಆದರೆ ಅದರಲ್ಲಿ ಕೂತು ಹೋಗುವವನು ಒಡಹುಟ್ಟಿದವನು. ಮೇಸ್ತ್ರಿ ಧಾರೆಯಾದ ಕಡೆ ಬೆರಳಿಟ್ಟ.

"ಉಬ್ಬಲ್ಲ ಕಣೋ. ನಂಗೆ ಸದ್ದು ಕೇಳಿಸಲ್ಲ. ಒಂಬತ್ತು ವರ್ಷದಿಂದ ಕೇಳಿಸ್ಕೊಂಡಿದ್ದು ನಿಮ್ಮತ್ತಿಗೆ."

ತಮ್ಮ ನೀರು ಬಳಿದುಹಾಕಿ, ಅತ್ತಿಗೆ ಕೂರುತ್ತಿದ್ದ ಕಡೆ ಕೂತು, ನೀನು ಬಡಿ, ನಾನು ಕೇಳಿಸಿಕೊಳ್ಳುತ್ತೇನೆ ಎಂದು ಕೂಗಿ ಹೇಳಿದ. ಮೇಸ್ತ್ರಿ ಹಳೆಯ ನೂಲು ಕಿತ್ತು ಹೊಸದನ್ನಿಟ್ಟು ಕೊಡತಿ ಎತ್ತಿದ. ಹೆಂಡತಿ ಗೇಣುದ್ದಕ್ಕೆ ಇಪ್ಪತ್ತು ಏಟು ಹೊಡೆಸುತ್ತಿದ್ದಳು, ಗಂಡ ಬೆವರಿ ತೊಪ್ಪೆಯಾದರೂ ಕರಗುತ್ತಿರಲಿಲ್ಲ. ತಮ್ಮ ಮೂರನೆಯ ಏಟಿಗೇ ಕೈ ಎತ್ತಿದ. ಅಣ್ಣನ ಸಮಾಧಾನಕ್ಕೆ ಎತ್ತಿದ್ದು, ಪಾಪ. ಮೂರು ಏಟಿಗೆ ಯಾವ ನೂಲೂ ಕಚ್ಚುವುದಿಲ್ಲ, ಅಷ್ಟು ಕಿವುಡನಿಗೂ ಗೊತ್ತು.

ಮೇಸ್ತ್ರಿ ಕೊಡತಿ ಕೆಳಗಿಟ್ಟ. ಸೇತುವೆಯಾಚೆ ಒಬ್ಬ ಬಡಗಿ ಇದ್ದ. ಅವನು ಕಟ್ಟುವುದು ದೋಣಿಯಲ್ಲ, ಪೆಟ್ಟಿಗೆ ಎಂದು ಮೇಸ್ತ್ರಿ ಜೀವಮಾನವಿಡೀ ಆಡಿಕೊಂಡಿದ್ದ. ಅವನಲ್ಲಿಗೇ ಒಯ್ಯಿ ಎಂದ.

"ಬಲಗಡೆ ಪೂರ್ತಿ ಕಿತ್ತು ಮಾಡ್ಲಿ. ಎಡಗಡೆ ಮಾತ್ರ ಮುಟ್ಟಕ್ಕೆ ಬಿಡ್ಬೇಡ. ಅದು ಅವಳದ್ದು."