ರಷ್ಯಾದ ಮುದಿ ಕುದುರೆ ಮತ್ತು ನನ್ನ ಇಬ್ಬರು ಅತ್ತೆಯರು

ಕಳೆದ ಭಾನುವಾರ ಸಂಜೆ ಮಲ್ಲೇಶ್ವರದಲ್ಲಿ ತುಂಬಿದ ಸಭೆಗೆ ನಾನು ಸುಳ್ಳು ಹೇಳಿದೆ. ಅದೂ ಮೈಕ್ ಹಿಡಿದುಕೊಂಡು. (ರಾಜಕೀಯಕ್ಕೆ ಸೇರಿದೆ ಅಂದುಕೊಳ್ಳಬೇಡಿ.)

ಆದದ್ದು ಇಷ್ಟು. ನಮ್ಮ ಸಂಗೀತ ಸಭೆಗೆ ರಷ್ಯಾದಿಂದ ಒಬ್ಬ ಚೆಲ್ಲೋ ವಾದಕಿ ಬಂದಿದ್ದರು. ಚೆಲ್ಲೋ ಅಂದರೆ ಪಿಟೀಲಿನ ದೊಡ್ಡಪ್ಪ. ಭುಜದ ಮೇಲೆ ಕೂರುವುದಿಲ್ಲ, ಮೊಣಕಾಲುಗಳ ನಡುವೆ ನಿಲ್ಲುತ್ತದೆ. ಅವರು ನುಡಿಸಲಿದ್ದದ್ದು ಅವರ ಕಡೆಯ ಹಳೆಯ ಪ್ರೇಮಗೀತೆ, ವಿರಹಗೀತೆ, ಹಳ್ಳಿಹಾಡುಗಳನ್ನು. ಜೊತೆಗೆ ಕೀಬೋರ್ಡ್‌ಗೆ ಒಬ್ಬ ಹುಡುಗಿ. ಹಾಡುವವರು ಮಾತ್ರ ಯಾರೂ ಇಲ್ಲ.

ಮಾತಿಲ್ಲದ ಹಾಡು ನಮ್ಮ ಜನಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಸಭೆಯ ಕಾರ್ಯದರ್ಶಿಗಳು ನನ್ನನ್ನು ಹಿಡಿದರು. "ಪೇಪರ್‌ನಲ್ಲಿ ಬರೀತೀರಲ್ಲ ಸಾರ್, ಪ್ರತಿ ಹಾಡಿಗೆ ಮುಂಚೆ ಕನ್ನಡದಲ್ಲಿ ಎರಡು ಮಾತು ಅರ್ಥ ಹೇಳ್ಬಿಡಿ" ಅಂತ ಏಳು ಹಾಡುಗಳ ಇಂಗ್ಲಿಷ್ ಸಾರಾಂಶದ ಜೆರಾಕ್ಸ್ ಕೈಗಿಟ್ಟರು.

ನನ್ನ ಅಳುಕು ಬೇರೆಯೇ ಇತ್ತು. ಮೊದಲ ಸಾಲಿನ ಒಂದು ತುದಿಯಲ್ಲಿ ದೊಡ್ಡತ್ತೆ, ಇನ್ನೊಂದು ತುದಿಯಲ್ಲಿ ವನಜತ್ತೆ. ಇಬ್ಬರೂ ನಮ್ಮಪ್ಪನ ಒಡಹುಟ್ಟಿದವರು, ಇಬ್ಬರೂ ರಿಟೈರ್ಡ್ ಟೀಚರುಗಳು. ಅಕ್ಕ ಮಲ್ಲೇಶ್ವರ, ತಂಗಿ ಶಂಕರಪುರಂ. ಅಜ್ಜಿಯ ವೀಣೆ ತಂಗಿಯ ಮನೆ ಸೇರಿದ ದಿನದಿಂದ ಒಂಬತ್ತು ವರ್ಷ ಮಾತಿಲ್ಲ, ಕತೆಯಿಲ್ಲ. ಮದುವೆ, ಮುಂಜಿ, ಕೊನೆಗೆ ನಮ್ಮಪ್ಪನ ಅರವತ್ತರ ಶಾಂತಿಯಲ್ಲೂ ಒಬ್ಬರು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ಎರಡನೆಯದಕ್ಕೆ. (ನಿಮ್ಮ ಮನೆಯಲ್ಲೂ ಇಂಥದ್ದೊಂದು ಜೋಡಿ ಇದ್ದೇ ಇರುತ್ತದೆ, ಸುಮ್ಮನೆ ನಗಬೇಡಿ.)

ಹೋದ ತಿಂಗಳು ದೊಡ್ಡತ್ತೆ ಎದೆನೋವು ಅಂತ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಆಗಲೂ ವನಜತ್ತೆ ಹೋಗಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹೀಗೇ ಮಾತಿಲ್ಲದೆ ಒಬ್ಬರು ಹೊರಟುಬಿಟ್ಟರೆ?

ಇರಲಿ. ಮುಖ್ಯ ಅತಿಥಿಗಳು (ಎಂದಿನಂತೆ) ಮುಕ್ಕಾಲು ಗಂಟೆ ಲೇಟು. ಅಷ್ಟೂ ಹೊತ್ತು ನಾನು ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದೆ. ಅವರು ಬಂದರು. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ನಾನು ಓಡಿಬಂದು ಮೈಕ್ ಹಿಡಿದೆ.

"ಮೊದಲನೆಯದು, ಗೆಳೆಯನ ಮದುವೆಯಲ್ಲಿ ಕುಡಿದು ಜಂಬ ಕೊಚ್ಚಿಕೊಳ್ಳುವ ಹುಡುಗನ ಹಾಡು" ಅಂದೆ. ಸಭೆ ಕಿಸಕ್ಕನೆ ನಕ್ಕಿತು. ಚೆಲ್ಲೋ ಮಾತ್ರ ನಿಧಾನಕ್ಕೆ ಕೊರಗತೊಡಗಿತು. ರಷ್ಯಾದವರು ಕುಡಿದರೆ ಹೀಗೇ ಇರಬೇಕು ಅಂದುಕೊಂಡೆ.

ಮೂರನೆಯ ಹಾಡಿಗೆ ಸ್ವಲ್ಪ ಜಾಸ್ತಿಯೇ ಮನಸ್ಸಿಟ್ಟೆ. "ನಮ್ಮ ಜಗಳ ಯಾತಕ್ಕೆ ಶುರುವಾಯಿತೋ ಮರೆತೇಹೋಗಿದೆ. ಹಿಮ ಬೀಳುವುದರೊಳಗೆ ಒಮ್ಮೆ ಬಾ. ಬಾಗಿಲಿಗೆ ಚಿಲಕ ಹಾಕಿಲ್ಲ." (ಚಿಲಕದ ಸಾಲು ಜೆರಾಕ್ಸಿನಲ್ಲಿ ಇರಲಿಲ್ಲ. ಅದು ನನ್ನದೇ.)

ಆಕೆ ಬಿಲ್ಲು ಎಳೆದರು. ಅಂಥ ತುಂಬಿದ ದನಿ ನಾನು ಕೇಳಿರಲಿಲ್ಲ. ಹಿಂದಿನ ಸಾಲುಗಳಲ್ಲಿ ಒಂದಿಬ್ಬರು ಕರವಸ್ತ್ರ ತೆಗೆದರು. ಅರ್ಧ ಹಾಡಿಗೆ ವನಜತ್ತೆ ಎದ್ದರು! ಕಛೇರಿ ನಡೆಯುವಾಗ ಕೆಮ್ಮಲೂ ಹಿಂಜರಿಯುವ ಹೆಂಗಸು. ಸೆರಗು ಬಿಗಿದುಕೊಂಡು, ಇಡೀ ಸಾಲಿನ ಮೊಣಕಾಲುಗಳನ್ನು ದಾಟಿಕೊಂಡು, ಆ ತುದಿಗೆ ಹೋಗಿ ನಿಂತರು. ದೊಡ್ಡತ್ತೆ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ವನಜತ್ತೆ ಕೂತರು. ನನ್ನ ಕನ್ನಡಕ ಮಂಜಾಯಿತು.

ಕಾರ್ಯಕ್ರಮ ಮುಗಿದ ಮೇಲೆ ವಾದಕಿ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ಊರಿನವರು ವಿಚಿತ್ರ. ಜಗಳವಾಡಿ ದೂರವಾದವರ ಹಾಡಿಗೆ ನಕ್ಕರು. ಮುದಿ ಕುದುರೆ ಓಡುವುದಿಲ್ಲ ಅಂತ ಗಾಡಿಯವನು ಗೊಣಗಿದ್ದಕ್ಕೆ ಕಣ್ಣೀರು ಹಾಕಿದರು. ಯಾಕೆ?"

ಕಾರ್ಯದರ್ಶಿಗಳನ್ನು ಹುಡುಕಿಕೊಂಡು ಓಡಿದೆ. ವಿಚಾರಿಸಿದರೆ, ಹೊತ್ತಾಯಿತು ಅಂತ ಮೊದಲ ಎರಡು ಹಾಡು ಕೈಬಿಟ್ಟು ಮೂರನೆಯದರಿಂದ ಶುರು ಮಾಡಿದ್ದರಂತೆ. ಗೇಟಿನಲ್ಲಿದ್ದ ನನಗೆ ಹೇಳಿದವರಿಲ್ಲ. ನಾನು ಒಂದರಿಂದ ಓದುತ್ತಾ ಹೋಗಿದ್ದೆ. ಐದಕ್ಕೇ ಕಾರ್ಯಕ್ರಮ ಮುಗಿದಾಗ, ಕೊನೆಯ ಎರಡನ್ನು ಬಿಟ್ಟರೇನೋ ಅಂದುಕೊಂಡಿದ್ದೆ.

ಮೂರು ದಿನ ಅನ್ನ ಸೇರಲಿಲ್ಲ. ಅಷ್ಟರಲ್ಲಿ ವೀಣೆ ಆಟೋ ಹತ್ತಿ ಮಲ್ಲೇಶ್ವರಕ್ಕೆ ಬಂದಿತ್ತು. ತಂಗಿ ನುಡಿಸುವುದು, ಅಕ್ಕ ತಪ್ಪು ಹಿಡಿಯುವುದು, ಆಮೇಲೆ ಇಬ್ಬರೂ ಕಾಫಿ ಕುಡಿಯುವುದು. ನಾಳೆ ಯಾರಾದರೂ ನಿಜ ಹೇಳಿಬಿಟ್ಟರೆ? ನಮ್ಮನ್ನು ಬೇಸ್ತು ಬೀಳಿಸಿದರು ಅಂತ ಮತ್ತೆ ಮುಖ ತಿರುಗಿಸಿಕೊಂಡರೆ? ಬುಧವಾರ ಶಂಕರಪುರಂಗೆ ಹೋಗಿ ವನಜತ್ತೆಯ ಮುಂದೆ ತಪ್ಪೊಪ್ಪಿಕೊಂಡೆ. (ದೊಡ್ಡತ್ತೆ ನಮ್ಮ ಪೇಪರ್ ತರಿಸುವುದಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.)

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತಲೆ ಕೂಡ ಎತ್ತಲಿಲ್ಲ. "ಗೊತ್ತಿತ್ತು ಕಣೋ. ಎರಡು ಹಾಡು ಬಿಟ್ಬಿಡಿ ಅಂತ ಸೆಕ್ರೆಟರಿ ಆ ರಷ್ಯಾದ ಆಯಮ್ಮನಿಗೆ ಹೇಳಿದ್ದು ನನ್ನ ಎದುರಿಗೇ."

"ಅಯ್ಯೋ! ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ ಅತ್ತೆ?"

"ಮೊದಲನೇದಕ್ಕೆ ಸುಮ್ನಿದ್ದೆ, ಇವನ ಫಜೀತಿ ನೋಡೋಣ ಅಂತ. ಮೂರನೇದಕ್ಕೆ ನೀನು ಜಗಳದ ಮಾತು ಎತ್ತಿದ್ದೇ ತಡ, ಅಕ್ಕ ತಿರುಗಿ ನನ್ನ ನೋಡಿದ್ಲು. ಒಂಬತ್ತು ವರ್ಷ ಆದ್ಮೇಲೆ ನೋಡ್ತಿದಾಳೆ. ಆಗ ನಾನು ನಿನ್ನ ತಪ್ಪು ತಿದ್ಕೊಂಡು ಕೂತಿರ್ಬೇಕಿತ್ತೇನೋ?"